ಅಗ್ಗದ .22 ರೈಫಲ್ ಕ್ಲೋನ್ ತಗೋಬಹುದಾ?

ನ್ಯೂಜಿಲೆಂಡಲ್ಲಿ ಮೊಲದ ಕಾಟ ಎಷ್ಟಿದೆ ಅಂತ ಫಾರ್ಮ್ ಕಡೆ ಇರೋರಿಗೆ ಗೊತ್ತು, ಗನ್ ಲೈಸನ್ಸ್ ಸಿಕ್ಕಿದ್ಮೇಲೆ ನಾನು ಮೊದ್ಲು ತಗೊಂಡಿದ್ದು ಚೀನಾದಲ್ಲಿ ಮಾಡಿರೋ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ಮುಚ್ಚೋ) .22 ರೈಫಲ್ಲು, ಜೆಕ್ ದೇಶದ ಬ್ರನೋ ಮಾಡೆಲ್ 2 ರೈಫಲ್ಲಿನ ಪಡಿಯಚ್ಚು.

ಬ್ಯಾರಲ್ ನಿಜವಾಗ್ಲೂ ಚೆನ್ನಾಗಿದೆ. 50 ಮೀಟರಲ್ಲಿ ಮೊಲದ ತಲೆಗೆ ಧೈರ್ಯವಾಗಿ ಗುರಿ ಇಡ್ತೀನಿ, ಆದ್ರೆ ಯಾವ ಗುಂಡು ಹೊಂದತ್ತೆ ಅಂತ ನಾಲ್ಕೈದು ಬ್ರ್ಯಾಂಡ್ ಟ್ರೈ ಮಾಡ್ಲೇಬೇಕು, ಯಾಕಂದ್ರೆ .22ರಂಥ ರಿಮ್‌ಫೈರ್ (ಅಂಚಲ್ಲೇ ಕಿಡಿಮದ್ದು ಇರೋ) ಗುಂಡನ್ನ ಬೇರೆ ರೈಫಲ್ ಗುಂಡಿನ ಥರ ಮನೇಲಿ ರೀಲೋಡ್ ಮಾಡ್ಕೊಳ್ಳೋ ಹಂಗಿಲ್ಲ, ಫ್ಯಾಕ್ಟರಿದೇ ಗತಿ.

ಬೇಜಾರಾಗಿದ್ದು ಉಳಿದಿದ್ದು ನೋಡಿ. ಮರದ ಸ್ಟಾಕ್ (ಭುಜಕ್ಕೆ ಒತ್ತೋ ಹಿಡಿ) ಮೇಲೆ ಅಂಟಂಟು ವಾರ್ನಿಷ್, ಬೋಲ್ಟ್ ಒರಟು, ಟ್ರಿಗರ್ ಅಂತೂ ಬೆರಳು ನೋಯೋಷ್ಟು ಗಟ್ಟಿ. ಬೋಲ್ಟು ಒಂದೈನೂರು ಗುಂಡು ಹೊಡೆದ್ಮೇಲೆ ನಯವಾಯ್ತು. ಟ್ರಿಗರ್ ಸ್ಪ್ರಿಂಗ್‌ನ ಗನ್‌ಸ್ಮಿತ್ (ಬಂದೂಕು ರಿಪೇರಿಯವ್ರು) ಹತ್ರಾನೇ ಬದಲಾಯಿಸ್ದೆ, ದಯವಿಟ್ಟು ನೀವೇ ಕೈ ಹಾಕ್ಬೇಡಿ, ಹಗುರ ಮಾಡಕ್ಕೆ ಹೋಗಿ ಬೋಲ್ಟ್ ಮುಚ್ಚಿದ್ ತಕ್ಷಣ ಗುಂಡು ಹಾರೋ ಹಂಗಾದ್ರೆ ಪ್ರಾಣಕ್ಕೇ ಅಪಾಯ.

ಸ್ವಲ್ಪ ಜಾಸ್ತಿ ಕೊಟ್ರೆ ಸೆಕೆಂಡ್ ಹ್ಯಾಂಡ್ ಸಿಝೆಡ್ 452 (ಆ ಬ್ರನೋ ವಂಶದ್ದೇ ಜೆಕ್ ರೈಫಲ್) ಸಿಗೋದಾದ್ರೆ ಅದನ್ನೇ ತಗೊಳ್ಳಿ, ಸಿಗ್ಲಿಲ್ಲ ಅಂದ್ರೆ ಇದಕ್ಕೆ ಹಿಂಜರೀಬೇಡಿ. ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಕಳ್ಕೊಂಡ್ರೂ ಚಿಂತೆ ಇಲ್ಲ, 452 ಮ್ಯಾಗಜೀನ್ ನನ್ನದಕ್ಕೆ ಸರಿಯಾಗೇ ಕೂತ್ಕೊಳ್ತು.