ಸೈನ್ಯದ ತರಬೇತಿಗೆ ಕಾಲೇಜು ಕ್ರೆಡಿಟ್: ಜೆಎಸ್‌ಟಿ, ಫೆಮಾ, ಕ್ಲೆಪ್ ಬಳಸಿ ನೋಡಿದ ಮೇಲೆ

ನಾನು ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ ಮೆಡಿಕ್. ಅಲ್ಲಿನ ಕೋಡ್‌ನಲ್ಲಿ ಹೇಳಬೇಕೆಂದರೆ 68ಡಬ್ಲ್ಯೂ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೆ ಎರಡು ವಾರ ತರಬೇತಿ. ಉಳಿದಂತೆ ಕೆಲಸ ಮತ್ತು ಕಾಲೇಜು. ನಮ್ಮ ಊರಿನ ಸರ್ಟ್ ತಂಡದಲ್ಲಿ, ಅಂದರೆ ವಿಪತ್ತಿನಲ್ಲಿ ನೆರವಾಗುವ ನೆರೆಹೊರೆಯವರ ತಂಡದಲ್ಲಿ, ಸ್ವಯಂಸೇವಕಿಯೂ ಹೌದು. ಈ ಎರಡು ಕಡೆ ಕಲಿತದ್ದನ್ನು ಡಿಗ್ರಿಯ ಕ್ರೆಡಿಟ್ ಮಾಡಿಕೊಳ್ಳಲು ಏನೇನು ದಾರಿ ಇದೆ, ಯಾವುದು ಎಷ್ಟು ಕೆಲಸಕ್ಕೆ ಬಂತು ಅನ್ನೋದನ್ನು ಬರೆಯುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡದ ಮನೆಗಳ ಮಕ್ಕಳು ಈಗ ನ್ಯಾಷನಲ್ ಗಾರ್ಡ್, ರಿಸರ್ವ್, ನೇವಿ ಅಂತ ಸೇರುತ್ತಿದ್ದಾರೆ. ಅಪ್ಪ ಅಮ್ಮಂದಿರಿಗೆ ಸೈನ್ಯದವರ ಓದಿಗೆ ದುಡ್ಡು ಕೊಡುವ ಜಿಐ ಬಿಲ್ ಹೆಸರು ಗೊತ್ತಿರುತ್ತದೆ. ಈ ಕ್ರೆಡಿಟ್ ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಮೊದಲು ಜೆಎಸ್‌ಟಿ, ಅಂದರೆ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್. ಸೈನ್ಯದಲ್ಲಿ ಕಲಿತದ್ದನ್ನು ಕಾಲೇಜಿಗೆ ತೋರಿಸುವ ದಾಖಲೆ ಇದು. ಆರ್ಮಿ, ನೇವಿ, ಮರೀನ್, ಕೋಸ್ಟ್ ಗಾರ್ಡ್ ಎಲ್ಲರಿಗೂ ಇದೊಂದೇ. ಹಿಂದೆ ಆರ್ಮಿಯವರಿಗೆ ಆರ್ಟ್ಸ್ ಅಂತ ಬೇರೆ, ನೇವಿ ಮತ್ತು ಮರೀನ್‌ನವರಿಗೆ ಸ್ಮಾರ್ಟ್ ಅಂತ ಬೇರೆ ಇತ್ತು. ಏರ್ ಫೋರ್ಸ್‌ನವರು ಇದರಲ್ಲಿ ಬರುವುದಿಲ್ಲ. ಅವರಿಗೆ 1972ರಿಂದ ತಮ್ಮದೇ ಕಮ್ಯುನಿಟಿ ಕಾಲೇಜ್ ಆಫ್ ದಿ ಏರ್ ಫೋರ್ಸ್ ಇದೆ. ಅಲ್ಲಿ ಸಿಗುವುದು ನೇರವಾಗಿ ಕಾಲೇಜಿನದೇ ಟ್ರಾನ್ಸ್‌ಕ್ರಿಪ್ಟ್. ಆ ಮಟ್ಟಿಗೆ ಅವರ ದಾರಿ ನಮ್ಮದಕ್ಕಿಂತ ಸಲೀಸು.

ಜೆಎಸ್‌ಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ದುಡ್ಡಿಲ್ಲ. ಲಾಗಿನ್ ಆಗಿ, ಕಾಲೇಜಿನ ಹೆಸರು ಹುಡುಕಿ, ಕಳಿಸು ಅಂತ ಒತ್ತಿದರೆ ಮುಗಿಯಿತು. ಮಾಮೂಲಿ ಕಾಲೇಜುಗಳು ಒಂದೊಂದು ಟ್ರಾನ್ಸ್‌ಕ್ರಿಪ್ಟ್‌ಗೂ ದುಡ್ಡು ಕೇಳುವ ದೇಶದಲ್ಲಿ ಇದು ದೊಡ್ಡ ಉಪಕಾರವೇ.

ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಕೋರ್ಸಿನ ಕೋಡ್, ಹೆಸರು, ಕಲಿತ ಜಾಗ, ತಾರೀಕು. ನನ್ನದರಲ್ಲಿ ಜಾಗದ ಹತ್ತಿರ ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಅಂತ ಇದೆ, ಮೆಡಿಕ್‌ಗಳೆಲ್ಲ ಕಲಿಯುವುದು ಅಲ್ಲೇ. ಕೆಳಗೆ ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಅನ್ನುವ ಒಂದು ಪ್ಯಾರಾ. ಅದರ ಕೆಳಗೆ ಕಾಲೇಜಿನ ಭಾಷೆಯಲ್ಲಿ ವಿಷಯದ ಹೆಸರು, ಪಕ್ಕದಲ್ಲಿ 3 ಎಸ್‌ಎಚ್ ಅನ್ನುವಂಥ ಸಂಖ್ಯೆ, ಆಮೇಲೆ ಒಂದಕ್ಷರ. ಎಸ್‌ಎಚ್ ಅಂದರೆ ಸೆಮಿಸ್ಟರ್ ಅವರ್. ಆ ಒಂದಕ್ಷರ ಎಲ್ ಆಗಿದ್ದರೆ ಡಿಗ್ರಿಯ ಮೊದಲ ಎರಡು ವರ್ಷದ ಮಟ್ಟ, ಯು ಆಗಿದ್ದರೆ ಕೊನೆಯ ಎರಡು ವರ್ಷದ್ದು, ವಿ ಆಗಿದ್ದರೆ ವೊಕೇಷನಲ್. ಈ ಅಕ್ಷರವನ್ನು ಯಾರೂ ಗಮನಿಸುವುದಿಲ್ಲ. ಆದರೆ ಮುಂದೆ ಎಲ್ಲವೂ ಅದರ ಮೇಲೇ ನಿಲ್ಲುತ್ತದೆ. ಯು ಕ್ರೆಡಿಟ್ ಇದ್ದವರು ಡಿಗ್ರಿ ಬೇಗ ಮುಗಿಸಬಹುದು. ವಿ ಕ್ರೆಡಿಟ್ಟನ್ನು ಎಷ್ಟೋ ಕಾಲೇಜುಗಳು ಮುಟ್ಟುವುದೇ ಇಲ್ಲ.

ಈ ಶಿಫಾರಸು ಬರೆಯುವವರು ಸೈನ್ಯದವರಲ್ಲ. ಎಸಿಇ, ಅಂದರೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್. ಎರಡನೇ ಮಹಾಯುದ್ಧದ ಕಾಲದಿಂದಲೂ ಅವರು ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ಕಾಲೇಜಿನಲ್ಲಿ ಅದೇ ವಿಷಯ ಪಾಠ ಮಾಡುವ ಮೇಷ್ಟ್ರುಗಳ ತಂಡ ಕೂತು ಸೈನ್ಯದ ಸಿಲಬಸ್, ಗಂಟೆಗಳು, ಪರೀಕ್ಷೆ ಎಲ್ಲ ನೋಡಿ ಇಷ್ಟು ಕ್ರೆಡಿಟ್ ಕೊಡಬಹುದು ಅಂತ ಬರೆಯುತ್ತದೆ. ಕೋರ್ಸ್‌ಗಷ್ಟೇ ಅಲ್ಲ, ನೀವು ಮಾಡಿದ ಹುದ್ದೆಗೂ ಬೇರೆಯಾಗಿ ಶಿಫಾರಸು ಇರುತ್ತದೆ. ಇದನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ಮಣ್ಣಿನಲ್ಲಿ ಮೊಣಕಾಲೂರಿ ಕಲಿತದ್ದೂ ವಿದ್ಯೆಯೇ ಅಂತ ಕಾಲೇಜಿನ ಜನ ಕಾಗದದ ಮೇಲೆ ಒಪ್ಪಿಕೊಂಡಿದ್ದಾರೆ ಅಲ್ವಾ?

ಆದರೆ ಅದು ಶಿಫಾರಸು ಮಾತ್ರ. ಕೊಡುವುದು ಬಿಡುವುದು ಆಯಾ ಕಾಲೇಜಿಗೆ ಬಿಟ್ಟದ್ದು. ನಿಜವಾದ ಪರೀಕ್ಷೆ ಶುರುವಾಗುವುದೇ ಇಲ್ಲಿಂದ.

ನನ್ನ ಕಾಲೇಜಿನ ಹೆಸರು ಬೇಡ. ಟ್ರಾನ್ಸ್‌ಕ್ರಿಪ್ಟ್ ಹೋದ ಸ್ವಲ್ಪ ದಿನಕ್ಕೆ ಅಲ್ಲಿನ ಆಫೀಸಿನಿಂದ ಮೇಲ್ ಬಂತು. ನಿಮ್ಮ ಮಿಲಿಟರಿ ಕ್ರೆಡಿಟ್ ಸ್ವೀಕರಿಸಿದ್ದೇವೆ, ಅಭಿನಂದನೆ ಅಂತ. ಡಿಗ್ರಿ ಆಡಿಟ್ (ಡಿಗ್ರಿಗೆ ಏನು ಮುಗಿದಿದೆ, ಏನು ಬಾಕಿ ಅನ್ನುವ ಪಟ್ಟಿ) ತೆಗೆದು ನೋಡಿದರೆ ಎಲ್ಲವೂ ಫ್ರೀ ಎಲೆಕ್ಟಿವ್, ಅಂದರೆ ಐಚ್ಛಿಕ ವಿಷಯ, ಅನ್ನುವ ಒಂದೇ ಸಾಲಿನಲ್ಲಿ ಕೂತಿತ್ತು. ನನಗೆ ಬೇಕಾದ ಕಡ್ಡಾಯ ಕೋರ್ಸ್‌ಗಳ ಪಟ್ಟಿ ಮೊದಲು ಎಷ್ಟು ಉದ್ದ ಇತ್ತೋ ಅಷ್ಟೇ ಉದ್ದ ಇತ್ತು. ತುರ್ತು ವೈದ್ಯಕೀಯದ ಮೊದಲ ಕೋರ್ಸನ್ನೂ ಮತ್ತೆ ಮಾಡಬೇಕಂತೆ. ನಾನು ಎನ್‌ಆರ್‌ಇಎಂಟಿ ಪಾಸಾದ ಇಎಂಟಿ, ಅಂದರೆ ಆ ರಾಷ್ಟ್ರಮಟ್ಟದ ಪರೀಕ್ಷೆ ಗೆದ್ದ ತುರ್ತು ವೈದ್ಯಕೀಯ ಸಿಬ್ಬಂದಿ. ಆ ಕೋರ್ಸ್ ಮುಗಿಸಿದ ಮಕ್ಕಳು ಬರೆಯುವುದೂ ಅದೇ ಪರೀಕ್ಷೆಯನ್ನೇ. ಅಡ್ವೈಸರ್‌ಗೆ ಇದನ್ನು ಹೇಳಿದರೆ, "ಸಿಸ್ಟಮ್‌ನಲ್ಲಿ ಹಾಗೆ ಬರ್ತಿದೆ, ನಾವೇನೂ ಮಾಡೋಕಾಗಲ್ಲ" ಅಂದರು. ಸಿಟ್ಟು ಬಂತು. ಅನ್ಯಾಯವಾಗಿ ಒಂದು ಸೆಮಿಸ್ಟರಿನ ದುಡ್ಡು, ಸಮಯ ಎರಡೂ ಹೋಗುವುದು ಅಂದರೆ ಸಣ್ಣ ಮಾತಲ್ಲ.

ಕೆಲಸ ಆದದ್ದು ಡಿಪಾರ್ಟ್‌ಮೆಂಟಿನಲ್ಲಿ. ಆ ವಿಭಾಗದ ಮುಖ್ಯಸ್ಥೆ ಹಿಂದೆ ಆಂಬುಲೆನ್ಸಿನಲ್ಲಿ ಕೆಲಸ ಮಾಡಿದವರು. ಅವರಿಗೆ ಎನ್‌ಆರ್‌ಇಎಂಟಿ ಕಾರ್ಡ್, ಸ್ಕಿಲ್ ಶೀಟ್‌ಗಳು, ತರಬೇತಿಯ ವಿಷಯಪಟ್ಟಿ ಎಲ್ಲ ತೋರಿಸಿದೆ. ಅವರು ಕಾಗದ ಪಕ್ಕಕ್ಕಿಟ್ಟು, "ಗಾಯಾಳು ಕೆಳಗೆ ಬಿದ್ದಿದ್ದಾನೆ, ಮೊದಲು ಏನು ನೋಡ್ತೀರ?" ಅಂತ ಕೇಳಿದರು. ನಾನು ಮಾರ್ಚ್ (MARCH) ಕ್ರಮ ಹೇಳಿದೆ, ಗಾಯಾಳುವನ್ನು ನೋಡಲು ನಮಗೆ ಕಲಿಸುವ ಸರದಿ ಅದು. ಮೊದಲು ಜೋರಾಗಿ ಹರಿಯುವ ರಕ್ತ, ಆಮೇಲೆ ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ಕೊನೆಗೆ ತಲೆಪೆಟ್ಟು ಮತ್ತು ಮೈ ತಣ್ಣಗಾಗದ ಹಾಗೆ ನೋಡಿಕೊಳ್ಳುವುದು. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದ್ದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಅದಕ್ಕೇ ನಮಗೆ ರಕ್ತ ನಿಲ್ಲಿಸುವ ಬಿಗಿ ಪಟ್ಟಿ, ಟೂರ್ನಿಕೇ, ಮೊದಲು, ಉಸಿರಿನ ದಾರಿ ಆಮೇಲೆ. ಹಳೆಯ ಎಬಿಸಿ ಕ್ರಮದಲ್ಲಿ ಉಸಿರಿನ ದಾರಿಯೇ ಮೊದಲು. ಈ ವ್ಯತ್ಯಾಸದ ಬಗ್ಗೆಯೇ ಇಬ್ಬರೂ ಸುಮಾರು ಹೊತ್ತು ಮಾತಾಡಿದೆವು. ಅಲ್ಲೇ ಕೋರ್ಸ್ ಸಬ್‌ಸ್ಟಿಟ್ಯೂಷನ್ ಫಾರಂ ತೆಗೆದು ಸಹಿ ಹಾಕಿಕೊಟ್ಟರು. ಎಲೆಕ್ಟಿವ್ ಅಂತ ಕೂತಿದ್ದ ಕ್ರೆಡಿಟ್ ಕಡ್ಡಾಯ ಕೋರ್ಸಿನ ಜಾಗಕ್ಕೆ ಬಂತು.

ಹಾಗಾಗಿ ಕಾಲೇಜು ಸೇರುವವರಿಗೆ ನಾನು ಹೇಳುವುದು ಇಷ್ಟೇ. "ಎಷ್ಟು ಕ್ರೆಡಿಟ್ ಕೊಡ್ತೀರ?" ಅಂತ ಕೇಳಬೇಡಿ. "ನನ್ನ ಡಿಗ್ರಿಯಲ್ಲಿ ಯಾವ ಕೋರ್ಸ್ ಇದರಿಂದ ತಪ್ಪುತ್ತೆ?" ಅಂತ ಕೇಳಿ. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಫೀ ಕಟ್ಟುವ ಮುಂಚೆಯೇ ಕೇಳಿ. ಜಾಹೀರಾತಿನಲ್ಲಿ ದೊಡ್ಡ ಸಂಖ್ಯೆ ತೋರಿಸುವ ಕಾಲೇಜಿಗಿಂತ, ಬರೀ 12 ಕ್ರೆಡಿಟ್ ಕೊಟ್ಟರೂ ಅದನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕಾಲೇಜೇ ವಾಸಿ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕ್ರೆಡಿಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅಂತೇನಿಲ್ಲ. ಫೆಡರಲ್ ವಿದ್ಯಾರ್ಥಿ ನೆರವು ತೆಗೆದುಕೊಳ್ಳುವವರು ಡಿಗ್ರಿಯ ಅಳತೆಯ ಶೇಕಡಾ 150ರೊಳಗೆ ಓದು ಮುಗಿಸಬೇಕು. 120 ಕ್ರೆಡಿಟ್ ಡಿಗ್ರಿಗೆ 180ರ ಮಿತಿ. ಹೊರಗಿನಿಂದ ತಂದು ಡಿಗ್ರಿಗೆ ಒಪ್ಪಿಸಿಕೊಂಡ ಕ್ರೆಡಿಟ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಕೆಲಸಕ್ಕೆ ಬಾರದ ಎಲೆಕ್ಟಿವ್‌ಗಳು ರಾಶಿ ಬಿದ್ದರೆ, ಮುಂದೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸುವಾಗ ಕೈ ಕಟ್ಟಿದ ಹಾಗಾಗುತ್ತದೆ. ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಒಮ್ಮೆ ಇದನ್ನು ಕೇಳಿಯೇ ಮುಂದುವರಿಯಿರಿ. ಜಿಐ ಬಿಲ್ ಬಳಸುವವರಿಗೆ ಒಂದು ಅನುಕೂಲ ಇದೆ. ಹಿಂದಿನ ತರಬೇತಿಯನ್ನು ಕಾಲೇಜು ಪರಿಶೀಲಿಸಲೇಬೇಕು, ಕ್ರೆಡಿಟ್ ಕೊಟ್ಟರೆ ಅದಕ್ಕೆ ತಕ್ಕಂತೆ ಓದಿನ ಅವಧಿ ಕಡಿಮೆ ಮಾಡಬೇಕು ಅನ್ನುವುದು ವಿಎ, ಅಂದರೆ ಮಾಜಿ ಸೈನಿಕರ ಇಲಾಖೆಯ ನಿಯಮ. ಪೋಸ್ಟ್-9/11 ಜಿಐ ಬಿಲ್‌ನಲ್ಲಿ ಒಟ್ಟು ಸಿಗುವುದು 36 ತಿಂಗಳು. ಗೊತ್ತಿರುವುದನ್ನೇ ಮತ್ತೆ ಕಲಿಯಲು ಅದನ್ನು ಸುಮ್ನೆ ಖರ್ಚು ಮಾಡುವುದು ಯಾಕೆ?

ಈಗ ಸ್ವಯಂಸೇವಕರ ಕಡೆ. ಸರ್ಟ್ ಅಂದರೆ ಕಮ್ಯುನಿಟಿ ಎಮರ್ಜೆನ್ಸಿ ರೆಸ್ಪಾನ್ಸ್ ಟೀಮ್. 1985ರಲ್ಲಿ ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ಶುರು ಮಾಡಿದ್ದು, 1993ರಿಂದ ವಿಪತ್ತು ನಿರ್ವಹಣೆಯ ಫೆಡರಲ್ ಸಂಸ್ಥೆ ಫೆಮಾ ಇಡೀ ದೇಶಕ್ಕೆ ತಂದಿತು. ಸುಮಾರು 20 ಗಂಟೆಯ ತರಬೇತಿ. ಬೆಂಕಿ ಆರಿಸುವುದು, ಗಾಯಾಳುಗಳನ್ನು ವಿಂಗಡಿಸುವುದು, ಭಾರದ ಕೆಳಗೆ ಸಿಕ್ಕವರನ್ನು ಮರದ ತುಂಡುಗಳಿಟ್ಟು ಎತ್ತಿ ಹೊರತೆಗೆಯುವುದು. ನೆರೆಹೊರೆಯವರು ಸೇರಿ ಕಲಿಯುತ್ತಾರೆ, ಅದೇ ಇದರ ಚೆಂದ. ಆದರೆ ನನ್ನ ಕಾಲೇಜಿನಲ್ಲಿ ಈ ಸರ್ಟಿಫಿಕೇಟಿಗೆ ಒಂದು ಕ್ರೆಡಿಟ್ಟೂ ಸಿಗಲಿಲ್ಲ. ಕ್ರೆಡಿಟ್‌ಗೋಸ್ಕರ ಸರ್ಟ್ ಸೇರಬೇಡಿ. ಊರಿಗೋಸ್ಕರ ಸೇರಿ.

ಸರ್ಟ್‌ನವರು ಮಾಡಿ ಅನ್ನುವ ಫೆಮಾದ ಇಂಡಿಪೆಂಡೆಂಟ್ ಸ್ಟಡಿ ಕೋರ್ಸ್‌ಗಳ ಕಥೆ ಬೇರೆ. ಇವು ಆನ್‌ಲೈನ್, ಉಚಿತ. ಮೊದಲು ಫೆಮಾ ಸ್ಟೂಡೆಂಟ್ ಐಡಿ ಮಾಡಿಸಬೇಕು. ಐಎಸ್-100 ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್‌ನ ಪರಿಚಯ, 200 ಅದರ ಮುಂದಿನದು, 700 ಮತ್ತು 800 ವಿಪತ್ತು ಎದುರಿಸುವ ಇಡೀ ದೇಶದ ವ್ಯವಸ್ಥೆ. ಕೊನೆಯ ಪರೀಕ್ಷೆಯಲ್ಲಿ ಶೇಕಡಾ 75 ಬಂದರೆ ಸರ್ಟಿಫಿಕೇಟ್ ಮೇಲ್‌ಗೇ ಬರುತ್ತದೆ. 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಾಡ್ಗಿಚ್ಚುಗಳು ಬಿದ್ದಾಗ ಒಂದೊಂದು ಇಲಾಖೆ ಒಂದೊಂದು ಭಾಷೆ ಆಡುತ್ತಿತ್ತು, ಯಾರ ಮಾತು ಯಾರು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಅದರಿಂದ ಹುಟ್ಟಿದ್ದು ಈ ಕಮಾಂಡ್ ಪದ್ಧತಿ. ಕಲಿಯುವುದಕ್ಕೆ ನಿಜವಾಗಿಯೂ ಒಳ್ಳೆಯ ಕೋರ್ಸ್‌ಗಳು. ಮುಂದೆ ಹೋಗಬೇಕು ಅನ್ನುವವರಿಗೆ 120, 230, 235, 240, 241, 242, 244 ಅಂತ ಏಳು ಕೋರ್ಸ್‌ಗಳ ಒಂದು ಸರಣಿಯಿದೆ. ಅದರಲ್ಲಿ ಸ್ವಯಂಸೇವಕರನ್ನು ನಿಭಾಯಿಸುವ 244 ನನಗೆ ಬಹಳ ಹಿಡಿಸಿತು. ಜನ ಒಳ್ಳೆಯ ಮನಸ್ಸಿನಿಂದ ಓಡಿ ಬರುತ್ತಾರೆ. ಅವರಿಗೆ ತಕ್ಕ ಕೆಲಸ ಕೊಡದಿದ್ದರೆ ಅವರಿಗೂ ಬೇಜಾರು, ತಂಡಕ್ಕೂ ತೊಂದರೆ.

ಕ್ರೆಡಿಟ್ ಮಟ್ಟಿಗೆ ಫೆಮಾ ಕೋರ್ಸ್‌ಗಳಿಗೆ ಅರ್ಧ ಅಂಕ. ಫೆಮಾ ತಾನೇ ಕಾಲೇಜು ಕ್ರೆಡಿಟ್ ಕೊಡುವುದಿಲ್ಲ. ಮೇರಿಲ್ಯಾಂಡಿನ ಫ್ರೆಡರಿಕ್ ಕಮ್ಯುನಿಟಿ ಕಾಲೇಜು ಹಲವು ವರ್ಷ ಈ ಕೋರ್ಸ್‌ಗಳನ್ನು ಫೀ ತೆಗೆದುಕೊಂಡು ತನ್ನ ಕ್ರೆಡಿಟ್ ಆಗಿ ಬದಲಾಯಿಸಿ ಕೊಡುತ್ತಿತ್ತು. ಎಷ್ಟೋ ಜನ ಆ ದಾರಿ ಹಿಡಿದಿದ್ದಾರೆ. ಆದರೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಕಾಲೇಜು ಅದನ್ನು ಎಲ್ಲಿ ಕೂರಿಸುತ್ತದೆ ಅಂತ ಕೇಳಿಕೊಳ್ಳಿ. ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್ ಓದುವವರಿಗೆ ಉಪಯೋಗ ಇರಬಹುದು, ನನ್ನಂತೆ ಆರೋಗ್ಯದ ಕಡೆ ಹೋಗುವವರಿಗೆ ಅಷ್ಟಿಲ್ಲ. ಅಮೆರಿಕಾರ್ಪ್ಸ್ ಅನ್ನುವ ಸರ್ಕಾರಿ ಯೋಜನೆಯಲ್ಲಿ ಸಮುದಾಯ ಸೇವೆ ಮಾಡಿದವರಿಗೆ ಕ್ರೆಡಿಟ್ ಬದಲು ಓದಿನ ದುಡ್ಡು ಸಿಗುತ್ತದೆ. ಅದು ಬೇರೆ ಲೆಕ್ಕ.

ಎಲ್ಲಕ್ಕಿಂತ ಕಡಿಮೆ ಶ್ರಮಕ್ಕೆ ಜಾಸ್ತಿ ಫಲ ಕೊಟ್ಟದ್ದು ಕ್ಲೆಪ್ ಪರೀಕ್ಷೆ. ಕ್ಲಾಸಿಗೆ ಹೋಗದೆ ಒಂದು ವಿಷಯದ ಪರೀಕ್ಷೆಯನ್ನಷ್ಟೇ ಬರೆದು ಕ್ರೆಡಿಟ್ ಪಡೆಯುವ ದಾರಿ ಇದು. ತರಬೇತಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಸೈನ್ಯದಲ್ಲಿ ಇರುವವರಿಗೆ ಮೊದಲ ಸಲದ ಪರೀಕ್ಷಾ ಫೀಯನ್ನು ಡಾಂಟೆಸ್ ಅನ್ನುವ ರಕ್ಷಣಾ ಇಲಾಖೆಯ ಶಿಕ್ಷಣ ವಿಭಾಗ ಕಟ್ಟುತ್ತದೆ, ರಿಸರ್ವ್‌ನವರಿಗೂ ಸೇರಿ. 20ರಿಂದ 80ರ ಅಳತೆಯಲ್ಲಿ 50 ಬಂದರೆ ಎಸಿಇ ಶಿಫಾರಸು ಸಿಗುತ್ತದೆ. ಸಮಾಜಶಾಸ್ತ್ರ, ಸೈಕಾಲಜಿ, ಕಾಲೇಜ್ ಆಲ್ಜೀಬ್ರಾ ಇವೆಲ್ಲ ಹೆಚ್ಚಿನ ಡಿಗ್ರಿಗಳಲ್ಲಿ ಬೇಕೇ ಬೇಕಾದ ವಿಷಯಗಳು. ಆದ್ದರಿಂದ ಈ ಕ್ರೆಡಿಟ್ ಎಲೆಕ್ಟಿವ್ ಮೂಲೆಗೆ ಹೋಗುವುದು ಕಡಿಮೆ. ಫಲಿತಾಂಶ ಜೆಎಸ್‌ಟಿಯಲ್ಲೂ ಕಾಣುತ್ತದೆ.

ಕೆಲಸದ ಅನುಭವ ಜಾಸ್ತಿ ಇದ್ದು ಬೇಗ ಡಿಗ್ರಿ ಮುಗಿಸಬೇಕು ಅನ್ನುವವರು ನ್ಯೂಜೆರ್ಸಿಯ ಥಾಮಸ್ ಎಡಿಸನ್ ಸ್ಟೇಟ್, ಕನೆಕ್ಟಿಕಟ್‌ನ ಚಾರ್ಟರ್ ಓಕ್, ನ್ಯೂಯಾರ್ಕಿನ ಎಕ್ಸೆಲ್ಸಿಯರ್ ಕಡೆ ನೋಡಬಹುದು. ಮೂರೂ 1970ರ ದಶಕದ ಶುರುವಿನಲ್ಲಿ ದೊಡ್ಡವರ ಓದಿಗಾಗಿಯೇ ಹುಟ್ಟಿದವು, ಹೊರಗಿನ ಕ್ರೆಡಿಟ್ ವಿಷಯದಲ್ಲಿ ಧಾರಾಳ. ನರ್ಸಿಂಗ್‌ನಂಥ ಓದಿಗೆ ಹೋಗುವವರು ಮಾತ್ರ ನಿಮ್ಮ ರಾಜ್ಯದ ಲೈಸೆನ್ಸ್ ಮಂಡಳಿ ಏನು ಕೇಳುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಕೊನೆಗೆ ಒಂದು ಕೆಲಸ, ಇವತ್ತೇ ಮಾಡಿ. ನಿಮ್ಮ ಜೆಎಸ್‌ಟಿ ತೆರೆದು ಅದರ್ ಲರ್ನಿಂಗ್ ಎಕ್ಸ್‌ಪೀರಿಯನ್ಸಸ್ ಅನ್ನುವ ಭಾಗ ನೋಡಿ. ಎಸಿಇ ಪರಿಶೀಲಿಸದ ಕೋರ್ಸ್‌ಗಳು, ತಾರೀಕು ಹೊಂದದ ಕೋರ್ಸ್‌ಗಳು ಅಲ್ಲಿ ಬಂದು ಬೀಳುತ್ತವೆ. ತಪ್ಪು ತಾರೀಕಿನಿಂದ ಹಾಗಾಗಿದ್ದರೆ, ಅಥವಾ ಮಾಡಿದ ಕೋರ್ಸೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಸರ್ಟಿಫಿಕೇಟ್ ಜೊತೆಗಿಟ್ಟು ತಿದ್ದಿಸಿ. ಯೂನಿಟ್‌ನಲ್ಲಿ ಇರುವಾಗ ಟ್ರೇನಿಂಗ್ ದಾಖಲೆ ನೋಡಿಕೊಳ್ಳುವವರು ಎದುರಿಗೇ ಸಿಗುತ್ತಾರೆ. ಸೇವೆ ಮುಗಿದಾಗ ಕೊಡುವ ಡಿಡಿ-214 ಕಾಗದ ಕೈಗೆ ಬಂದು ಮನೆಗೆ ಹೋದ ಮೇಲೆ ಅದೇ ಕೆಲಸಕ್ಕೆ ಫೋನ್ ಹಿಡಿದು ಕೂರಬೇಕಾಗುತ್ತದೆ.