ಮುಪ್ಪಿನ ಒಂಟಿತನವೋ, ಮುಪ್ಪಿನ ಬಯಕೆಯೋ: ಯಾವ ಸಿನಿಮಾ ನೋಡೋದು?

ಅಪ್ಪ-ಅಮ್ಮನ ಜೊತೆ ಕೂತು ನೋಡೋದಾದರೆ ‘ಅವರ್ ಸೋಲ್ಸ್ ಅಟ್ ನೈಟ್’ (2017). ಒಬ್ಬರೇ ನೋಡೋದಾದರೆ ಜರ್ಮನಿಯ ‘ಕ್ಲೌಡ್ 9’ (2008).

ಮೊದಲನೆಯದು ‘ದಿ ಲಂಚ್‌ಬಾಕ್ಸ್’ ಮಾಡಿದ ರಿತೇಶ್ ಬಾತ್ರಾ ಅವರದ್ದು. ಕೊಲರಾಡೊದ ಸಣ್ಣ ಊರಲ್ಲಿ ಗಂಡನಿಲ್ಲದ ಆ್ಯಡಿ (ಜೇನ್ ಫಾಂಡಾ), ಹೆಂಡತಿಯನ್ನು ಕಳೆದುಕೊಂಡ ನೆರೆಯ ಲೂಯಿಸ್ (ರಾಬರ್ಟ್ ರೆಡ್‌ಫರ್ಡ್) ಮನೆ ಬಾಗಿಲು ತಟ್ಟಿ, ‘ರಾತ್ರಿ ಬಂದು ನನ್ನ ಪಕ್ಕ ಮಲಗ್ತೀರಾ?’ ಅಂತ ಕೇಳ್ತಾಳೆ. ಮಾತಾಡ್ತಾ ರಾತ್ರಿ ಕಳೆಯೋಕೆ, ಅಷ್ಟೆ. ಊರವರ ಬಾಯಿಗೆ ಅಂಜಿ ಅವನು ಹಿತ್ತಿಲ ಬಾಗಿಲಿಗೆ ಬರ್ತಾನೆ. ಅವಳು ಮುಂಬಾಗಿಲಿಂದಲೇ ಬಾ ಅಂತಾಳೆ. ಇಡೀ ಸಿನಿಮಾ ಆ ಎರಡು ಬಾಗಿಲುಗಳ ನಡುವೆ ಇದೆ. ಚೆನ್ನಾಗಿದೆ, ಆದರೆ ದೇಹದ ವಿಷಯ ಬಂದಾಗ ತುಸು ನಾಚಿಕೊಳ್ಳುತ್ತೆ. ತಾರೆಯರು ಬೇರೆ ಎಪ್ಪತ್ತು-ಎಂಬತ್ತರಲ್ಲೂ ಅಷ್ಟು ಚೆಂದ!

ಆಂದ್ರೆಯಾಸ್ ಡ್ರೆಸೆನ್ ನಿರ್ದೇಶನದ ‘ಕ್ಲೌಡ್ 9’ಗೆ ಆ ನಾಚಿಕೆಯಿಲ್ಲ. ಬಟ್ಟೆ ಹೊಲಿಯುವ ಇಂಗೆ, ಆಲ್ಟರ್ ಮಾಡಿದ ಪ್ಯಾಂಟ್ ಕೊಡಲು ಕಾರ್ಲ್‌ನ ಮನೆಗೆ ಹೋಗ್ತಾಳೆ, ಅಲ್ಲೇ ಇಬ್ಬರೂ ಒಂದಾಗ್ತಾರೆ. ಅವನಿಗೆ 76. ಸುಕ್ಕು, ಜೋತ ಹೊಟ್ಟೆ ಎಲ್ಲವೂ ಹಗಲ ಬೆಳಕಲ್ಲಿ ಕಾಣುತ್ತೆ. ಮನೇಲಿ ಗಂಡ ವೆರ್ನರ್, ರೈಲಿನ ಸದ್ದಿನ ರೆಕಾರ್ಡ್ ಕೇಳ್ತಾ ಕೂರುವವ. ಅವನು ಕೆಟ್ಟವನಲ್ಲ, ಕಷ್ಟ ಇರೋದೇ ಅಲ್ಲಿ. ಸಂಸಾರದೊಳಗಿನ ಒಂಟಿತನವನ್ನು ಮೊದಲಿನದಕ್ಕಿಂತ ಇದೇ ಚೆನ್ನಾಗಿ ಹಿಡಿದಿದೆ ಅನ್ನೋದು ನನ್ನ ಲೆಕ್ಕ. ಕೊನೆ ಮಾತ್ರ ಕಠೋರ, ಮನಸ್ಸು ಭಾರವಿದ್ದ ದಿನ ಹಾಕಬೇಡಿ.

ಇಲ್ಲಿಯದೇ ಬೇಕೆಂದರೆ ಹಿಂದಿಯ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ದಲ್ಲಿ ರತ್ನಾ ಪಾಠಕ್ ಶಾ ವಿಧವೆಯಾಗಿ ನಟಿಸಿರುವ ಭಾಗ ಸಾಕು.