ಕಾಲುನೋವಿಗೆ ಆಂಜಿಯೋಪ್ಲಾಸ್ಟಿಯೋ, ನಡಿಗೆಯೋ: ನನ್ನ ಎರಡು ಕಾಲುಗಳ ಅನುಭವ

ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾದರೆ, ನಡೆಯುವಾಗ ಮೀನಖಂಡ ಹಿಂಡಿದಂತೆ ನೋಯುತ್ತದೆ. ನಿಂತ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. 30 ವರ್ಷ ಸಿಗರೇಟು ಸೇದಿದ ನನಗೆ ಇದು ಮೊದಲು ಎಡಗಾಲಿನಲ್ಲಿ, 3 ವರ್ಷಗಳ ನಂತರ ಬಲಗಾಲಿನಲ್ಲಿ ಕಾಣಿಸಿಕೊಂಡಿತು.

ಎಡಭಾಗದ ತಡೆ ಕಿಬ್ಬೊಟ್ಟೆಯ ರಕ್ತನಾಳದಲ್ಲಿತ್ತು. ತೊಡೆಸಂದಿನಿಂದ ತೆಳುವಾದ ನಳಿಕೆ ತೂರಿಸಿ, ಬಲೂನು ಉಬ್ಬಿಸಿ ನಾಳ ಹಿಗ್ಗಿಸಿ (ಇದೇ ಆಂಜಿಯೋಪ್ಲಾಸ್ಟಿ), ಅದು ತೆರೆದೇ ಇರುವಂತೆ ಸ್ಟೆಂಟ್ ಎಂಬ ಜಾಲರಿಯ ಕೊಳವೆ ಕೂರಿಸಿದರು. ಮರುದಿನವೇ ಮನೆಗೆ ಬಂದೆ. ವಾರ ಕಳೆಯುವುದರೊಳಗೆ ಮಾರುಕಟ್ಟೆಯವರೆಗೆ ಎಲ್ಲಿಯೂ ನಿಲ್ಲದೆ ನಡೆದ ದಿನ ಕಣ್ಣು ತುಂಬಿ ಬಂದಿತ್ತು. ಖರ್ಚು ಮಾತ್ರ ದೊಡ್ಡದು. ವ್ಯಾಯಾಮದ ಮಾತನ್ನು ಆಗ ಯಾರೂ ಎತ್ತಲಿಲ್ಲವೆಂಬ ಬೇಸರ ಇಂದಿಗೂ ಇದೆ.

ಬಲಗಾಲಿನ ತಡೆ ತೊಡೆಯ ಉದ್ದನೆಯ ನಾಳದಲ್ಲಿತ್ತು. ಅಲ್ಲಿ ಹಿಗ್ಗಿಸಿದ ಜಾಗ ಮತ್ತೆ ಕಿರಿದಾಗುವ ಸಂಭವ ಕಿಬ್ಬೊಟ್ಟೆಯ ನಾಳಕ್ಕಿಂತ ಹೆಚ್ಚೆಂದು ವಿವರಿಸಿದ ವೈದ್ಯರು, ಮೊದಲು 12 ವಾರ ವ್ಯಾಯಾಮ ಮಾಡಿ ನೋಡಲು ಹೇಳಿದರು. ವಾರಕ್ಕೆ 3 ದಿನ ಫಿಸಿಯೋಥೆರಪಿಸ್ಟ್ ಎದುರಿಗೆ ಟ್ರೆಡ್‌ಮಿಲ್ ಮೇಲೆ, ನೋವು ಸಾಕಷ್ಟು ಏರುವವರೆಗೆ ನಡೆಯುವುದು, ನಿಲ್ಲುವುದು, ನೋವು ಇಳಿದ ಮೇಲೆ ಮತ್ತೆ ನಡೆಯುವುದು, ಹೀಗೆ ಸುಮಾರು ಮುಕ್ಕಾಲು ಗಂಟೆ. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಒಬ್ಬನೇ ಮಾಡುತ್ತಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದೆ. ಪಕ್ಕದಲ್ಲಿ ನಿಂತು ನಡೆಸುವವರಿರುವುದೇ ಈ ಚಿಕಿತ್ಸೆಯ ಜೀವಾಳ. ಕೊನೆಗೆ, 200 ಮೀಟರಿಗೇ ತಡೆದು ನಿಲ್ಲಿಸುತ್ತಿದ್ದ ನೋವು 600 ಮೀಟರ್ ದಾಟಿದ ಮೇಲೆ ಬರತೊಡಗಿತು. ಆದರೂ ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡದ ಅನುಪಾತ, ಅಂದರೆ 0.9ಕ್ಕಿಂತ ಕೆಳಗಿದ್ದರೆ ತಡೆಯಿದೆಯೆಂದು ಹೇಳುವ ಅಂಕಿ, 0.68ರಿಂದ ಹೆಚ್ಚೇನೂ ಏರಿರಲಿಲ್ಲ. ನಾಳ ತೆರೆದುಕೊಂಡಿರಲಿಲ್ಲ, ಸಿಗುವಷ್ಟು ರಕ್ತದಲ್ಲೇ ಹೆಚ್ಚು ದುಡಿಯಲು ಸ್ನಾಯುಗಳು ಕಲಿತಿದ್ದವು.

ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಕ್ಲೆವರ್ ಅಧ್ಯಯನದಲ್ಲಿ, ಕಿಬ್ಬೊಟ್ಟೆಯ ನಾಳದ ತಡೆಯಿದ್ದವರ ಟ್ರೆಡ್‌ಮಿಲ್ ನಡಿಗೆಯ ಅವಧಿ 6 ತಿಂಗಳಲ್ಲಿ ವ್ಯಾಯಾಮದಿಂದ ಸರಾಸರಿ 5.8 ನಿಮಿಷ, ಸ್ಟೆಂಟ್‌ನಿಂದ 3.7 ನಿಮಿಷ ಹೆಚ್ಚಿತ್ತು. ಆದರೆ ದಿನನಿತ್ಯದ ಬದುಕು ಹಗುರಾಯಿತೆಂದು ಹೇಳುವುದರಲ್ಲಿ ಸ್ಟೆಂಟ್ ಪಡೆದವರೇ ಮುಂದಿದ್ದರು. ಎರಡೂ ಮಾತು ನನ್ನ ಮಟ್ಟಿಗೆ ನಿಜ.

ನಡೆಯುವಾಗ ಮಾತ್ರ ನೋಯುವವರು ಮೊದಲು ವ್ಯಾಯಾಮವನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಯಾವುದನ್ನು ಆರಿಸಿದರೂ ಸಿಗರೇಟು ಬಿಡುವುದು ಮತ್ತು ವೈದ್ಯರು ಕೊಟ್ಟ ಮಾತ್ರೆಗಳನ್ನು ತಪ್ಪದೆ ನುಂಗುವುದು ಇದ್ದೇ ಇದೆ. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಗಾಯ ಮಾಯದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ಈ ಹೋಲಿಕೆ ಅನ್ವಯಿಸುವುದಿಲ್ಲ. ಅಂಥವರು ಒಂದು ದಿನವನ್ನೂ ಕಳೆಯದೆ ರಕ್ತನಾಳ ತಜ್ಞರನ್ನು ಕಾಣಬೇಕು.